ಯಾಕೆ ಕಲೀಬೇಕಮ್ಮಾ?

"ಅಮ್ಮಾ, ಈ ಚಕ್ರಬಡ್ಡಿ ಕಲಿತು ನಾನೇನು ಮಾಡ್ಲಿ?" ಎಂಟನೇ ತರಗತಿಯ ಮಗಳು ಪುಸ್ತಕ ಮಡಚಿಟ್ಟಳು. ಗಣಿತದಲ್ಲಿ ಫೇಲಾಗಿದ್ದಳು. "ಸುಮ್ನೆ ಓದು, ಪರೀಕ್ಷೆಗೆ ಬರುತ್ತೆ" ಎಂದು ಗದರಿಸಿದೆ. ಅತ್ತಳೇ ಹೊರತು ಲೆಕ್ಕ ತಲೆಗೆ ಹತ್ತಲಿಲ್ಲ.

ಆ ರಾತ್ರಿ ನಮ್ಮಮ್ಮ ನೆನಪಾದರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, ಕೆಲವು ವರ್ಷದಲ್ಲಿ ನಮ್ಮೂರಿಗೂ ರಾತ್ರಿ ಶಾಲೆ ಬಂದಿತ್ತು. ಅಲ್ಲಿ ಅಮ್ಮ ಮೊದಲು ಕಲಿತದ್ದು ತಮ್ಮ ಹೆಸರು, ಆಮೇಲೆ ಬಸ್ಸಿನ ಬೋರ್ಡು. ದಿನವೂ ಬೇಕಾದದ್ದು, ಬೇಗ ಕೈಗೆ ಹತ್ತಿತು.

ಪಕ್ಕದ ಮನೆಯ ಟೀಚರ್ ಹತ್ತಿರ ಇದನ್ನು ಹೇಳಿದೆ. ಅಮೆರಿಕದ ಮಾಲ್ಕಮ್ ನೋಲ್ಸ್ ಎಂಬ ಶಿಕ್ಷಣತಜ್ಞರು 1970ರಲ್ಲಿ ದೊಡ್ಡವರ ಕಲಿಕೆಯ ಬಗ್ಗೆ ಬರೆದ ಪುಸ್ತಕದಲ್ಲೂ ಇದೇ ವಿಚಾರವಂತೆ. ಕಲಿಯುವವರ ಅನುಭವಕ್ಕೆ ಜಾಗವಿರಬೇಕು, ಕಲಿತದ್ದು ಎದುರಿಗಿರುವ ತೊಡಕಿಗೆ ಒದಗಬೇಕು. ಇದು ಮಕ್ಕಳಿಗೂ ಹೊಂದುತ್ತದೆಂದು ಆಮೇಲೆ ಅವರೇ ಒಪ್ಪಿದರಂತೆ.

ಮನೆಯ ಹೆಂಚು ರಿಪೇರಿಗೆಂದು ನಾನು 20,000 ರೂಪಾಯಿ ಕೈಸಾಲ ಮಾಡಿದ್ದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮಗಳ ಮುಂದೆ ಹೇಳಲು ನಾಚಿಕೆ. ಆದರೂ ಚೀಟಿ ಅವಳ ಕೈಗಿಟ್ಟು, "ಇದೊಂದು ಲೆಕ್ಕ ನೋಡೇ" ಅಂದೆ.

ಅರ್ಧ ಗಂಟೆ ತಲೆ ಎತ್ತಲಿಲ್ಲ. "ಅಮ್ಮಾ, ವರ್ಷಕ್ಕೆ ನೂರಕ್ಕೆ 36 ಆಯ್ತು! ತಿಂಗಳಿಗೆ 600, ವರ್ಷಕ್ಕೆ 7,200. ಒಂದು ತಿಂಗಳ ಬಡ್ಡಿ ಕಟ್ಟದೆ ಅಸಲಿಗೆ ಸೇರಿಸಿದ್ರೆ, ಮುಂದಿನ ತಿಂಗಳ ಬಡ್ಡಿ 618. ಇದೇ ಚಕ್ರಬಡ್ಡಿ!" ನಮ್ಮ ಮಹಿಳಾ ಸಂಘದಲ್ಲಿ ನೂರಕ್ಕೆ ಒಂದರ ಬಡ್ಡಿ. ಅಲ್ಲಾದರೆ ತಿಂಗಳಿಗೆ 200 ಸಾಕು ಎಂದು ಅವಳೇ ಲೆಕ್ಕ ಹಾಕಿ ತೋರಿಸಿದಳು. ಮುಂದಿನ ತಿಂಗಳೇ ಸಂಘದಲ್ಲಿ ಸಾಲ ಪಡೆದು ಹಳೆಯದನ್ನು ತೀರಿಸಿದೆ.

ಹಾಗಂತ ಮಗ್ಗಿ ಬಾಯಿಪಾಠ ಬೇಡವೆಂದಲ್ಲ. ಮಕ್ಕಳಿಗೆ ನಮ್ಮಷ್ಟು ಅನುಭವ ಇರುವುದಿಲ್ಲ. ಸೂತ್ರವನ್ನು ಟೀಚರೇ ಹೇಳಿಕೊಡಬೇಕು, ಅಭ್ಯಾಸವನ್ನೂ ಮಾಡಿಸಬೇಕು. ಎಲ್ಲ ಪಾಠಕ್ಕೂ ಮನೆಯಲ್ಲಿ ಉದಾಹರಣೆ ಸಿಗುವುದೂ ಇಲ್ಲ. ಸಿಕ್ಕಲ್ಲಿ ಮುಚ್ಚಿಡಬಾರದು, ಅಷ್ಟೇ. ಹಾಲಿನ ಲೆಕ್ಕ, ಕರೆಂಟ್ ಬಿಲ್ಲು, ಚೀಟಿ ಹಣ, ಎಲ್ಲದರಲ್ಲೂ ಪಾಠವಿದೆ.

ಈ ಸಲ ಮಗಳು ಗಣಿತದಲ್ಲಿ ಪಾಸಾದಳು. ಅಂಕ ತುಂಬಾ ಏನಲ್ಲ. ಆದರೆ ಈಗ ಸಂಘದ ಪುಸ್ತಕ ಮನೆಗೆ ಬಂದರೆ ನನಗಿಂತ ಮೊದಲು ಅವಳೇ ತೆರೆದು ನೋಡುತ್ತಾಳೆ.