ಮುಕ್ಕಾಲು ಸೆಕೆಂಡ್

ಆಳಂದದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅರ್ಜಿ ಟೈಪಿಂಗ್, ಮದುವೆ ಪತ್ರಿಕೆ, ಪಹಣಿ ಪ್ರಿಂಟು, ಇದರಲ್ಲೇ ಹೊಟ್ಟೆ ನಡೆಯುತ್ತದೆ. ಭಾನುವಾರ ಮಾತ್ರ ಸ್ಕ್ಯಾನರು, ರೆಕಾರ್ಡರು ಚೀಲಕ್ಕೆ ಹಾಕಿಕೊಂಡು ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ಹೋಗುತ್ತೇನೆ. ಕಡಕೋಳ ಮಡಿವಾಳಪ್ಪನವರ, ಚೆನ್ನೂರ ಜಲಾಲಸಾಬರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಅಲ್ಲಿ ಇನ್ನೂ ಇದ್ದಾರೆ. ಅವರ ಮನೆಗಳಲ್ಲಿ ಕೈಬರಹದ ವಹಿಗಳಿವೆ. ಹಾಡು ರೆಕಾರ್ಡ್ ಮಾಡಿಕೊಳ್ಳುತ್ತೇನೆ, ವಹಿ ಸ್ಕ್ಯಾನ್ ಮಾಡಿ ತಿರುಗಿ ಕೊಡುತ್ತೇನೆ. ಆರು ವರ್ಷದ ಈ ಕೆಲಸವೆಲ್ಲ 1 ಟಿಬಿಯ ಒಂದೇ ಡಿಸ್ಕಿನಲ್ಲಿತ್ತು. ಅದು ತಪ್ಪೆಂದು ಗೊತ್ತಿತ್ತು. ಎರಡನೆಯದಕ್ಕೆ ದುಡ್ಡು ಕೂಡಿಸುತ್ತಿದ್ದೆ.

ಏಪ್ರಿಲ್ ಕೊನೆಗೆ ಡಿಸ್ಕು ಕಟಕಟ ಎನ್ನತೊಡಗಿತು. ಒಂದು ಫೋಲ್ಡರ್ ತೆರೆಯಲು ಎರಡು ನಿಮಿಷ. ಮರುದಿನವೇ ಕಲಬುರಗಿಗೆ ಹೋಗಿ 480 ಜಿಬಿಯ ಎಸ್‌ಎಸ್‌ಡಿ ತಂದೆ. ತುಂಬಿದ್ದು 390 ಜಿಬಿ ಎಂದು ಸಿಸ್ಟಮ್ ತೋರಿಸುತ್ತಿತ್ತಲ್ಲ, ಇದು ಸಾಕು ಅಂದುಕೊಂಡೆ.

ಮೊದಲು ಪೆನ್‌ಡ್ರೈವಿನಲ್ಲಿದ್ದ ಇಡೀ ಡಿಸ್ಕನ್ನು ನಕಲು ಮಾಡುವ ಕ್ಲೋನೆಜಿಲ್ಲಾ ಹಾಕಿದೆ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದು ಎಂದು ಅದು ಆರಂಭದಲ್ಲೇ ನಿಂತಿತು. ಹಾಗಾದರೆ ಫೈಲುಗಳನ್ನಷ್ಟೇ ಸಾಗಿಸೋಣವೆಂದು ಎಸ್‌ಎಸ್‌ಡಿಯನ್ನು ಹಳೆಯದರ ಹಾಗೆಯೇ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿಗೆ ಫಾರ್ಮ್ಯಾಟ್ ಮಾಡಿ ಆರ್‌ಸಿಂಕ್ ಹಚ್ಚಿದೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ಬಂದು ನೋಡಿದರೆ, ಜಾಗವಿಲ್ಲ ಎಂಬ ಸಾಲು. 390 ಜಿಬಿ 480ರಲ್ಲಿ ಹಿಡಿಯುವುದಿಲ್ಲವೆಂದರೆ ಏನು ಲೆಕ್ಕ? ಇನ್ನೂ ಮೂರು ವರ್ಷದ ಫೋಲ್ಡರುಗಳು ಬಂದೇ ಇರಲಿಲ್ಲ. ಆ ಹೊತ್ತಿಗೆ ಕಟಕಟ ಸದ್ದು ಹೆಚ್ಚಾಗಿತ್ತು.

ನನ್ನ ಮಷಿನ್ ಹೊಂದಿಸಿಕೊಟ್ಟವನು ತಂಗಿಯ ಮಗ, ಈಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿದೆ. ಅವನು ಹೇಳಿದ ಮೇಲೆ ತಿಳಿಯಿತು: ಹಳೆಯ ಡಿಸ್ಕಿನಲ್ಲಿ ಪ್ರತಿ ಫೈಲೂ ಝಡ್‌ಎಸ್‌ಟಿಡಿ ಎಂಬ ವಿಧಾನದಲ್ಲಿ ಒತ್ತಿಕೊಂಡು ಕೂತಿದೆ. ಓದುವಾಗ ತಾನಾಗಿ ಬಿಚ್ಚಿಕೊಳ್ಳುವುದರಿಂದ ಬಳಸುವವನಿಗೆ ಗೊತ್ತೇ ಆಗುವುದಿಲ್ಲ. ಬಿಚ್ಚಿದರೆ ನನ್ನ ಸರಕು 600 ಜಿಬಿ ಮೇಲೆ. ಒತ್ತಿ ಬರೆಯಬೇಕೆಂಬುದು ಫಾರ್ಮ್ಯಾಟಿನಲ್ಲಿ ಇರುವುದಿಲ್ಲ, ಡಿಸ್ಕನ್ನು ಸಿಸ್ಟಮ್ಮಿಗೆ ಜೋಡಿಸುವಾಗ, ಅಂದರೆ ಮೌಂಟ್ ಮಾಡುವಾಗ ಹೇಳಬೇಕು. ಹಳೆಯದಕ್ಕೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ 'ಕಂಪ್ರೆಸ್-ಫೋರ್ಸ್' ಎಂದು ಅವನೇ ಬರೆದಿಟ್ಟಿದ್ದ. ಹೊಸದನ್ನು ನಾನು ಕೈಯಿಂದ ಮೌಂಟ್ ಮಾಡಿದ್ದೆ, ಎಲ್ಲವೂ ಬಿಚ್ಚಿಕೊಂಡೇ ಬಂದು ಕೂತಿತ್ತು.

"ಮಾಮಾ, ಸಾಯೋ ಡಿಸ್ಕಿನಿಂದ ಫೈಲ್ ಫೈಲ್ ತೆಗೀಬ್ಯಾಡ್ರಿ. ಮೊದ್ಲು ಇಡೀ ಡಿಸ್ಕ್ ನಕಲು ತಗೋರಿ" ಅಂದ.

ಮದುವೆ ವಿಡಿಯೊ ಮಾಡುವ ಗೆಳೆಯನ ಹತ್ತಿರ 2 ಟಿಬಿಯ ಖಾಲಿ ಡಿಸ್ಕು ಇತ್ತು. ಮುಂದಿನ ಲಗ್ನದೊಳಗೆ ತಂದುಕೊಡು ಎಂದು ಕೊಟ್ಟ. ಡಿಡಿ ಎಂಬ ನಕಲು ಕಮಾಂಡಿನಿಂದ ಶುರುಮಾಡಿದೆ, ಮೊದಲ ಕೆಟ್ಟ ಸೆಕ್ಟರಿಗೇ ಕೈಚೆಲ್ಲಿತು. ಆಮೇಲೆ ಡಿಡಿರೆಸ್ಕ್ಯೂ. ಅದು ಸುಲಭವಾಗಿ ಓದುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಮ್ಯಾಪ್ ಫೈಲೇ ನನ್ನನ್ನು ಉಳಿಸಿತು. ಮೇ ತಿಂಗಳು, ದಿನಕ್ಕೆ ಮೂರು ನಾಲ್ಕು ಸಲ ಕರೆಂಟು ಹೋಗುತ್ತಿತ್ತು, ಯುಪಿಎಸ್ ಇಪ್ಪತ್ತು ನಿಮಿಷದ್ದು. ಪ್ರತಿ ಸಲ ನಿಂತಲ್ಲಿಂದಲೇ ಮುಂದುವರಿಯಿತು. ಡಿಸ್ಕು ಕೈ ಇಡಲಾಗದಷ್ಟು ಕಾಯ್ದಿತ್ತು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಮುಖಕ್ಕೆ ಹಿಡಿದು, ಎರಡು ರಾತ್ರಿ ಅಂಗಡಿಯಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ಮೂರನೇ ಬೆಳಿಗ್ಗೆ ಮುಗಿಯಿತು. ಪರದೆಯ ಮೇಲೆ ಒಂದೇ ಹೆಸರಿನ ಎರಡು ಡಿಸ್ಕುಗಳು ಕಂಡವು. ಖುಷಿಯಲ್ಲಿ ತೆರೆಯಲು ಹೋದವನು, ಯಾಕೋ ಮೊದಲು ಹುಡುಗನಿಗೆ ಫೋನ್ ಹಚ್ಚಿದೆ.

"ಎರಡೂ ಕೂಡೇ ಹಚ್ಚೀರೇನು? ಏನೂ ಒತ್ತಬ್ಯಾಡ್ರಿ ಮಾಮಾ! ಮಷಿನ್ ಬಂದ್ ಮಾಡಿ ಹಳೇದು ತೆಗೀರಿ."

ಇಡೀ ಡಿಸ್ಕಿನ ನಕಲೆಂದರೆ ಅದರ ಯುಯುಐಡಿಯೂ ನಕಲಾಗಿರುತ್ತದೆ. ಬಿಟಿಆರ್‌ಎಫ್‌ಎಸ್ ಡಿಸ್ಕನ್ನು ಗುರುತಿಸುವುದೇ ಆ ಸಂಖ್ಯೆಯಿಂದ. ಒಂದೇ ಸರ್ವೆ ನಂಬರು ಎರಡು ಹೊಲಕ್ಕೆ ಬಿದ್ದ ಹಾಗೆ; ಒಂದಕ್ಕೆ ಬರೆಯಬೇಕಾದದ್ದು ಇನ್ನೊಂದಕ್ಕೆ ಹೋದರೆ ಎರಡೂ ಹಾಳು. ಮೌಸಿನ ಮೇಲೆ ಬೆರಳಿಟ್ಟುಕೊಂಡೇ ಆ ಮಾತು ಕೇಳಿದ್ದೆ. ಎದೆ ಹೊಡೆದುಕೊಳ್ಳುವುದು ನಿಲ್ಲಲು ಹೊತ್ತು ಹಿಡಿಯಿತು.

ಹಳೆಯದನ್ನು ಬಿಚ್ಚಿಟ್ಟು, ನಕಲನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿ, ಎಸ್‌ಎಸ್‌ಡಿಯನ್ನು ಈ ಸಲ ಕಂಪ್ರೆಸ್-ಫೋರ್ಸ್ ಹಾಕಿ ಮೌಂಟ್ ಮಾಡಿದೆ. ಖಾಲಿ ಮಾಡಿ ಮತ್ತೆ ಆರ್‌ಸಿಂಕ್. ಎಲ್ಲವೂ ಹಿಡಿಯಿತು, ಹಳೆಯ ಡಿಸ್ಕಿನ ಕೆಟ್ಟ ಜಾಗದಲ್ಲಿದ್ದ ಮೂರು ಫೈಲುಗಳನ್ನು ಬಿಟ್ಟು. ಬರೆಯುವಾಗ ಲೆಕ್ಕ ಹಾಕಿಟ್ಟ ಚೆಕ್‌ಸಮ್ ತಾಳೆಯಾಗದ ಭಾಗವನ್ನು ಬಿಟಿಆರ್‌ಎಫ್‌ಎಸ್ ಕೊಡುವುದೇ ಇಲ್ಲ. ಒತ್ತಿದ ಫೈಲಿನಲ್ಲಿ ಇನ್ನೊಂದು ಕಷ್ಟವಿದೆ: ಒತ್ತುವುದು 128 ಕೆಬಿಯ ತುಂಡು ತುಂಡಾಗಿ, ಒಳಗಿನ 4 ಕೆಬಿ ಕೆಟ್ಟರೂ ಇಡೀ ತುಂಡು ಹೋಗುತ್ತದೆ.

ಎರಡು ಫೈಲುಗಳು ಅಫಜಲಪುರ ತಾಲ್ಲೂಕಿನ ಒಂದು ವಹಿಯ ಪುಟಗಳು. ಮುಂದಿನ ಭಾನುವಾರವೇ ಹೋದೆ. ಮನೆಯ ಅಜ್ಜಿ ಟ್ರಂಕಿನಿಂದ ವಹಿ ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು. ಎರಡು ಪುಟ ಸ್ಕ್ಯಾನ್ ಮಾಡಲು ಅಷ್ಟು ದೂರ ಬಂದೆಯಾ ಎಂದು ಕೇಳಿ, ಜೋಳದ ರೊಟ್ಟಿ ಉಣ್ಣಿಸಿ ಕಳಿಸಿದಳು.

ಮೂರನೆಯದು ಜೇವರ್ಗಿ ಕಡೆಯ ಹಿರಿಯರೊಬ್ಬರ ಹಾಡು. ಅವರು ಹೋದ ವರ್ಷ ತೀರಿಕೊಂಡರು. ಆ ಫೈಲಿನ ಮೇಲೆ ಮತ್ತೆ ಡಿಡಿರೆಸ್ಕ್ಯೂ ಓಡಿಸಿ, ಬಾರದ ತುಂಡಿನ ಜಾಗ ಖಾಲಿ ಬಿಡಿಸಿ ಉಳಿದದ್ದನ್ನು ತೆಗೆದೆ. ನನ್ನ ರೆಕಾರ್ಡಿಂಗಿನ ಆಡಿಯೊದಲ್ಲಿ 128 ಕೆಬಿ ಎಂದರೆ ಸುಮಾರು ಮುಕ್ಕಾಲು ಸೆಕೆಂಡ್. ಹನ್ನೊಂದನೇ ನಿಮಿಷದಲ್ಲಿ, ಪಲ್ಲವಿಗೆ ಮರಳುವ ಮುನ್ನ ಎಳೆದ ದನಿ ನಡುವೆ ಕಡಿದು, ಏಕತಾರಿಯೊಡನೆ ಮತ್ತೆ ಹುಟ್ಟುತ್ತದೆ. ಅದೇ ಪಲ್ಲವಿ ಅವರು ಬೇರೆ ಕಡೆ ನಾಲ್ಕು ಸಲ ಹಾಡಿದ್ದಾರೆ, ತಂದು ಜೋಡಿಸಬಹುದಿತ್ತು. ಜೋಡಿಸಲಿಲ್ಲ. ಫೈಲಿನ ವಿವರದಲ್ಲಿ ಹೀಗೆ ಬರೆದಿಟ್ಟಿದ್ದೇನೆ: ಇಲ್ಲಿನ ಮೌನ ಹಾಡಿದವರದಲ್ಲ, ಡಿಸ್ಕಿನದು.