ಟ್ಯಾಂಗ್ರಾದಲ್ಲಿ ಒಂದು ಊಟ

ಕೊಲ್ಕತ್ತಾ ನೋಡಲು ಹೋಗಿದ್ದ ಕಾಸರಗೋಡಿನ ಕುಟುಂಬವೊಂದು ಮಳೆಗೆ ಸಿಲುಕಿ, ಟ್ಯಾಂಗ್ರಾದ ಹೊಸ ಚೀನೀ ಹೋಟೆಲೊಂದನ್ನು ಹೊಕ್ಕಿತು. ಗಾಜಿನ ಬಾಗಿಲು, ಮಂದ ದೀಪ. ಹಬೆಯಾಡುವ ನೂಡಲ್ಸಿನಲ್ಲಿ ಹಸಿಮೆಣಸು, ಬೆಳ್ಳುಳ್ಳಿಯ ಘಾಟು.

ಹಕ್ಕಾ ಚೀನೀಯರು ಚರ್ಮ ಹದಮಾಡುತ್ತ ಬೆಳೆಸಿದ ಬಡಾವಣೆಯಿದು. 1996ರ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಚರ್ಮದ ಕಾರ್ಖಾನೆಗಳು ಬಂತಲಾಕ್ಕೆ ತೆರಳಬೇಕಾಯಿತು. ಇಲ್ಲಿ ಹೋಟೆಲುಗಳು ಹೆಚ್ಚಿದವು. ತರುಣರನೇಕರು ಕೆನಡಾಕ್ಕೆ ವಲಸೆ ಹೋದರು.

“ಇಲ್ಲಿಯ ಮಕ್ಕಳು ಚೀನೀ ಭಾಷೆ ಎಲ್ಲಿ ಕಲಿಯುತ್ತಾರೆ, ಅಪ್ಪಾ?” ಐದನೆಯ ತರಗತಿಯ ಮಗಳು ಕೇಳಿದಳು. ತಂದೆ ಆ ಪ್ರಶ್ನೆಯನ್ನು ಬಡಿಸುವವನಿಗೆ ಹಿಂದಿಯಲ್ಲಿ ದಾಟಿಸಿದರು. ಪೇ ಮೇ ಎಂಬ ಶಾಲೆಯಿತ್ತು, ಮಕ್ಕಳಿಲ್ಲದೆ ಮುಚ್ಚಿತು ಎಂಬ ಉತ್ತರ ಬಂದಿತು.

ಮಗಳನ್ನು ಮುಂದಿನ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಮಾತು ಮನೆಯಲ್ಲಿ ನಡೆದಿತ್ತು. ಊರಿಗೆ ಮರಳಿದ ಮೇಲೆ ಅದನ್ನು ಯಾರೂ ಎತ್ತಲಿಲ್ಲ.