ಎಂಟು ಹಲ್ಲು, ನಲವತ್ತಮೂರು ಹಲ್ಲು

ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೊರಟರೆ ನಾಲ್ಕು ಗೇರಿನ ಹಳೆಯ ಮಹೀಂದ್ರಾ ಜೀಪಿಗೆ ಇನ್ನೊಂದು ಗೇರ್ ಇರಬೇಕಿತ್ತು ಅನ್ನಿಸುತ್ತದೆ. ಹೆದ್ದಾರಿ 75 ಅಗಲವಾಗಿದೆ, ತೆಂಗಿನ ತೋಟಗಳ ಗಾಳಿ ಹಿತವಾಗಿದೆ, ಎಂಜಿನ್ ಮಾತ್ರ ಅರಚುತ್ತಲೇ ಇರುತ್ತದೆ. ಅದೇ ಜೀಪನ್ನು ಮಳೆಗಾಲದಲ್ಲಿ ಅರಕಲಗೂಡಿನಾಚೆ ಮಲ್ಲಿಪಟ್ಟಣದ ಕಡೆ ಹೊಲದ ದಾರಿಗೆ ಇಳಿಸಿ ನೋಡಿ. ಕೆಂಪು ಕೆಸರು ಟೈರಿನ ಗೀರುಗಳನ್ನೆಲ್ಲ ಮುಚ್ಚಿಬಿಟ್ಟಿರುತ್ತದೆ. ಫೋರ್ ವೀಲ್ ಎಳೆದು, ಲೋ ಹಾಕಿ, ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸಾಕು, ಆಕ್ಸಿಲರೇಟರ್ ಮುಟ್ಟದೆಯೇ ಹೊಗೆಸೊಪ್ಪಿನ ಹೊಲದ ಬದು ಹಿಡಿದು ನಡೆದುಬಿಡುತ್ತದೆ. ಆ ನಡಿಗೆಯ ಸುಖ ಕಂಡವರು ಅದನ್ನು ಬಿಟ್ಟುಕೊಡಲಾರರು.

ಊರೂರು ಸುತ್ತುವ ಗಾಡಿಗೆ ಈ ಎರಡೂ ಬೇಕು. ಹೇಗೆ ಎಂಬುದು ಹಿಂದಿನ ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್‌ನಿಂದ ಶುರುವಾಗುತ್ತದೆ. 1953ರಲ್ಲಿ ಬಂದ ವಿಲ್ಲಿಸ್ ಸಿಜೆ-3ಬಿ ಕಾಲದಿಂದ ಬಂದ ಲೆಕ್ಕ ಇದು: ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಅಂದರೆ 5.38. ನಿಮ್ಮ ಗಾಡಿಯಲ್ಲಿ ಎಷ್ಟಿದೆ ಎಂದು ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಹೊಳೆನರಸೀಪುರ ರಸ್ತೆಯ ಗ್ಯಾರೇಜೊಂದರಲ್ಲಿ ಇದನ್ನು ಕಣ್ಣಾರೆ ಕಂಡೆ. ಮೇಸ್ತ್ರಿ ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರವನ್ನಷ್ಟೇ ಜಾಕಿನ ಮೇಲೆ ಎತ್ತಿ, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದರು. ಹುಡುಗ ಚಕ್ರವನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿದ. ಗೆರೆ ಐದು ಸಲ ಬಂದು, ಆರನೆಯ ಸುತ್ತಿನ ಮೂರನೆಯ ಒಂದು ಪಾಲು ದಾಟಿ ನಿಂತಿತು. ನೆಲಕಚ್ಚಿದ ಚಕ್ರ ಅಲ್ಲಾಡದಿದ್ದರೆ ಡಿಫರೆನ್ಷಿಯಲ್ ಅದರ ಪಾಲನ್ನೂ ಎತ್ತಿದ ಚಕ್ರಕ್ಕೇ ಕೊಡುತ್ತದೆ, ಅದಕ್ಕೇ ಎರಡು ಸುತ್ತು.

39 ಹಲ್ಲಿನ ಕ್ರೌನ್ ಹಾಕಿಸಿದರೆ 4.88 ಆಗುತ್ತದೆ, ಹೆದ್ದಾರಿಯ ಓಟ ಸುಧಾರಿಸುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಿಜ. 2500 ಆರ್‌ಪಿಎಂನಲ್ಲಿ 64 ಕಿಲೋಮೀಟರ್ ಹೋಗುವ ಜೀಪು ಆಗ 70 ಹೋಗುತ್ತದೆ. ಆದರೆ ಕೆಸರಿನ ನಡಿಗೆಯೂ ಅಷ್ಟೇ ಪಾಲು ಬಿರುಸಾಗುತ್ತದೆ. ಸಾಲದ್ದಕ್ಕೆ ಹಿಂದೆ ಬದಲಾಯಿಸಿದರೆ ಮುಂದೆಯೂ ಬದಲಾಯಿಸಲೇಬೇಕು. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಎರಡು ಹೌಸಿಂಗಿನ ಲೆಕ್ಕ ಒಂದೇ ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಒಂದಕ್ಕೊಂದು ಜಗ್ಗಾಡಿ ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ, ಹಲ್ಲು ಮುರಿದರೂ ಮುರಿಯಿತು.

“ಹೌಸಿಂಗ್ ಮುಟ್ಬೇಡಿ ಸಾರ್, ಐದು ಗೇರಿನ ಬಾಕ್ಸ್ ಹಾಕ್ಸಿ,” ಅಂದರು ಮೇಸ್ತ್ರಿ. ಆ ಒಂದು ಮಾತಿನಲ್ಲಿ ಇಡೀ ಉತ್ತರ ಇತ್ತು. ನಾಲ್ಕನೆಯ ಗೇರ್ ನೇರ, ಒಂದಕ್ಕೊಂದು. ಐದನೆಯದು 0.8ರದ್ದಾದರೆ ಅದೇ 2500ಕ್ಕೆ 80 ಕಿಲೋಮೀಟರ್ ಸಿಗುತ್ತದೆ. 43-8 ಇದ್ದಲ್ಲೇ ಇರುತ್ತದೆ, ಲೋ ಗೇರಿನ ನಡಿಗೆಗೂ ಧಕ್ಕೆಯಿಲ್ಲ.

ಲಾಕ್ ಆಗುವ ಡಿಫರೆನ್ಷಿಯಲ್ ಬೇಕೇ? 2015ರ ಥಾರ್‌ನ ಹಿಂದಿನ ಆಕ್ಸಲ್‌ಗೆ ಕಂಪನಿಯೇ ಅದನ್ನು ಕೊಟ್ಟಿತು. ಜಾರುವ ಚಕ್ರ ಸುಮ್ಮನೆ ಸುತ್ತುವಾಗ ಇನ್ನೊಂದಕ್ಕೆ ಬಲ ಕೊಡುವ ಅದರ ಗುಣ ದೊಡ್ಡದು. ಗೊರೂರು, ಕೊಣನೂರು, ರಾಮನಾಥಪುರ ಸುತ್ತುವ ನನ್ನಂಥವರಿಗೆ ಒಳ್ಳೆಯ ಟೈರು ಮತ್ತು ಲೋ ಗೇರೇ ಸಾಕು ಅನ್ನುತ್ತೇನೆ. ಆ ದುಡ್ಡನ್ನು ಶಾಫ್ಟುಗಳಿಗೆ ಇಡಿ. ಉದ್ದನೆಯ ಬಾಕ್ಸ್ ಕೂತರೆ ಟ್ರಾನ್ಸ್‌ಫರ್ ಕೇಸ್ ಹಿಂದೆ ಸರಿಯುತ್ತದೆ. ಹಿಂದಿನ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕು, ಮುಂದಿನದನ್ನು ಉದ್ದ ಮಾಡಬೇಕು. ಬೆಸುಗೆ ಹಾಕಿದ ಮೇಲೆ ಎರಡನ್ನೂ ಲೇತಿನವರ ಹತ್ತಿರ ಬ್ಯಾಲೆನ್ಸ್ ಮಾಡಿಸಿಯೇ ಜೋಡಿಸಬೇಕು.